ಸಾಕು ಅಂದರೆ ಚಾಕು

ಬರ್ಗರ್ ಅಂದರೆ ಬನ್ನಿನ ನಡುವೆ ವಡೆ ಇಟ್ಟದ್ದು. ಅದರ ಮೇಲೊಂದು ಎಲೆ, ಒಂದು ಬಿಲ್ಲೆ ಟೊಮೆಟೊ, ಬಳಿದ ಸಾಸ್. ಇದನ್ನು ತಿನ್ನಲು ನೋಯ್ಡಾದಿಂದ ದೆಹಲಿಯ ಆ ತುದಿಗೆ ಹೋಗಿ ಬಾಗಿಲಲ್ಲಿ ಸಾಲು ನಿಲ್ಲುವವರಿದ್ದಾರೆ. ನಾನೂ ನಿಂತಿದ್ದೇನೆ, ಮಗಳಿಗಾಗಿ.

ಮಗಳಿಗೆ ಕ್ಯಾನ್ಸರ್. ಔಷಧ ಏರಿಸತೊಡಗಿದ ಮೇಲೆ ಬಾಯಲ್ಲಿ ಹುಣ್ಣಾಯಿತು, ನಾಲಿಗೆ ಕೆಟ್ಟಿತು. ನನ್ನ ಸಾರು ಕಬ್ಬಿಣ ನೆಕ್ಕಿದ ಹಾಗಿದೆ ಎನ್ನುತ್ತಿದ್ದಳು. ತೂಕ ಇಳಿದರೆ ಮುಂದಿನ ಔಷಧ ಕೊಡಲಾಗದು, ಏನಾದರೂ ತಿನ್ನಲಿ ಎಂದರು ಡಾಕ್ಟರು. ಮೊಮ್ಮಗಳು ಕಾಲೇಜಿನಿಂದ ಬರುವಾಗ ಬರ್ಗರ್ ತಂದಳು. ಅರ್ಧ ಇಳಿಯಿತು. ಆಮೇಲೆ ಭಾನುವಾರ ಬಂತೆಂದರೆ ಫೋನಿನಲ್ಲಿ ಹೊಸ ಅಂಗಡಿ ಹುಡುಕಿ, “ಚಲೋ ಅಜ್ಜಿ, ಕ್ಯಾಬ್ ಬಂತು” ಎನ್ನುವಳು. ನಾವು ಮನೆಯಲ್ಲಿದ್ದದ್ದು ಮೂವರೇ. ಮೂವರೂ ಹೊರಡುತ್ತಿದ್ದೆವು.

ಮೊದಲು ಹೋದದ್ದು ಸರೋಜಿನಿ ನಗರದ ಕಡೆಗೆ. ಬಡಿಸುವವನು ಕೆಂಪು ಸಾಸ್ ಸುರಿಯುತ್ತಲೇ ಇದ್ದ. ಹುಣ್ಣಿನ ಬಾಯಿಗೆ ಖಾರ ಎಂದು ನಾನು ಗದರಿದೆ, “ಸಾಕು, ಸಾಕು ಭಯ್ಯಾ.” ಅವನು “ಅಚ್ಛಾ ಮಾತಾಜಿ” ಎಂದು ಒಳಗೆ ಹೋಗಿ ಚಾಕು ತಂದಿಟ್ಟ.

ಮಗಳು ನಕ್ಕಳು. “ಅಮ್ಮ, ಇನ್ನೊಂದು ಸಲ ಗದರಿದ್ದರೆ ಕೊಡಲಿ ತರ್ತಿದ್ದ.”

ಆ ಚಾಕು ಕೆಲಸಕ್ಕೆ ಬಂತು. ಬಾಯಿ ಅಷ್ಟಗಲ ತೆರೆಯಲು ಅವಳಿಗೆ ಆಗುತ್ತಿರಲಿಲ್ಲ. ಚೂರು ಚೂರು ಮಾಡಿಕೊಟ್ಟೆ, ಪೂರ್ತಿ ತಿಂದಳು.

ಮೊಮ್ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಲ್ಲಿ ಬರುವುದು ಹಿಂದಿ. ಅವಳಿಗೆ ಇದೊಂದು ಆಟವಾಯಿತು. ಅನ್ನ ಬಡಿಸುವಾಗ ಯಾರಾದರೂ ಸಾಕು ಅಂದರೆ ಅಡುಗೆಮನೆಗೆ ಓಡಿ ಚಾಕು ತಂದು, “ಲೀಜಿಯೇ” ಎಂದು ತಲೆಬಾಗಿಸಿ ಇಡುವಳು.

ಹಾಗೆ ಅಂಗಡಿ ಅಂಗಡಿ ತಿರುಗಿದೆವು. ನೋಯ್ಡಾದ ಒಂದರಲ್ಲಿ ಬನ್ನೇ ಕಪ್ಪು. ಸೀದಿದೆ, ಬೇರೆ ಕೊಡು ಎಂದೆ; ಅದರ ಬಣ್ಣವೇ ಹಾಗಂತೆ. ಇನ್ನೊಂದರಲ್ಲಿ ಕುರ್ಚಿ ಎಷ್ಟು ಎತ್ತರವೆಂದರೆ ಹತ್ತಿಸಲು ಒಬ್ಬರು ಬೇಕು. ಯಾವುದು ಒಳ್ಳೆಯದು ಎಂದು ಯಾರಾದರೂ ಕೇಳಿದರೆ, ಮಗಳು ಹೆಚ್ಚು ತಿಂದ ಅಂಗಡಿ ಒಳ್ಳೆಯದು. ಬರಬರುತ್ತ ಅಂಥವು ಕಡಿಮೆಯಾದವು.

ಕೊನೆಯದು ಘಾಜಿಯಾಬಾದಿನಲ್ಲಿ. ಆ ವಾರ ಡಾಕ್ಟರು, ಈ ಔಷಧ ನಾಟುತ್ತಿಲ್ಲ, ಬೇರೆಯದು ಶುರು ಮಾಡೋಣ ಎಂದಿದ್ದರು. ಮೊಮ್ಮಗಳು ತಟ್ಟೆ ತರಲು ಎದ್ದು ಹೋದಳು.

“ಅಮ್ಮ, ನಂಗೆ ಸಾಕು” ಎಂದಳು ಮಗಳು.

“ಇನ್ನೂ ಬಂದೇ ಇಲ್ಲ, ಏನೇ ಸಾಕು?”

“ಆಸ್ಪತ್ರೆ.”

ನಾನು ಅವಳ ಕೈ ನೋಡಿದೆ. ಸೂಜಿ ಚುಚ್ಚಿ ಚುಚ್ಚಿ ನರ ಕಪ್ಪಾಗಿತ್ತು.

“ನಿನ್ನ ಮಗಳಿಗೆ ಹೇಳಿದೀಯಾ?”

“ನಾಳೆ ಹೇಳ್ತೀನಿ. ಇವತ್ತು ತಿನ್ನಲಿ.”

“ಯೋಚನೆ ಮಾಡಿದೀಯಾ ಸರಿಯಾಗಿ?”

“ಮಾಡಿದೀನಿ. ಸಾಕು ಅಮ್ಮ.”

ತಟ್ಟೆ ಹಿಡಿದು ಬಂದ ಮೊಮ್ಮಗಳ ಕಿವಿಗೆ ಬಿದ್ದದ್ದು ಆ ಕೊನೆಯ ಮಾತು. “ಅರೇ, ಸಾಕು?” ಎಂದು ತಟ್ಟೆ ಇಟ್ಟು ತಿರುಗಿ ಹೋದವಳು ಚಾಕು ತಂದಳು. “ಲೀಜಿಯೇ ಮಮ್ಮಿ.”

ಮಗಳು ಅದನ್ನು ತೆಗೆದುಕೊಂಡಳು. ಬರ್ಗರನ್ನು ತಾನೇ ಕತ್ತರಿಸಿ ಅವಳಿಗೊಂದು ಚೂರು, ನನಗೊಂದು ಚೂರು ಕೊಟ್ಟು, ತಾನೂ ಒಂದು ಬಾಯಿಗಿಟ್ಟುಕೊಂಡಳು. ಚೆನ್ನಾಗಿದೆ ಎಂದಳು. ಉಪ್ಪು ಹೆಚ್ಚಾಗಿತ್ತು. ನಾನು ಇನ್ನೊಂದು ಚೂರು ತೆಗೆದುಕೊಂಡೆ.

ಚಳಿ ಬರುವ ಹೊತ್ತಿಗೆ ಮಗಳು ಹೋದಳು.

ಹೊಸ ಅಂಗಡಿ ತೆರೆದರೆ ಮೊಮ್ಮಗಳು ಈಗಲೂ ಕರೆಯುತ್ತಾಳೆ, ಹೋಗುತ್ತೇನೆ. ಚಾಕು ತರುವ ಆಟ ನಿಂತಿದೆ. ಸಾಸ್ ಸುರಿಯಲು ಬಂದವನಿಗೆ ನಾನು ಕೈ ಅಡ್ಡ ಹಿಡಿಯುತ್ತೇನೆ, ಸಾಕು ಎನ್ನುವುದಿಲ್ಲ.