ಮಳೆಗಾಲದಲ್ಲಿ ಹತ್ತಿ ಸೀರೆ

ಪೇಪರಿನ ಮಾರುಕಟ್ಟೆ ಪುಟವನ್ನು ಅಪ್ಪ ಪಂಚಾಂಗದಷ್ಟೇ ನಂಬುತ್ತಿದ್ದರು. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಆಲೂರಿನಲ್ಲಿ ನಮ್ಮದೊಂದು ಸಣ್ಣ ಬಟ್ಟೆ ಅಂಗಡಿ. ದೇಶದ ಗಿರಣಿಗಳಿಗೆ ಹತ್ತಿ ಸಾಲುತ್ತಿಲ್ಲ, ಬೇಡಿಕೆ ಇನ್ನೂ ಏರಲಿದೆ ಎಂದು ಬರೆದಿದ್ದರೆ ಅದನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳುವರು. ಅಮ್ಮ, "ಇಲ್ಲಿ ಕೊಳ್ಳೋರು ಯಾರವ್ರೆ, ಅದನ್ನೂ ಬರ್ದವ್ರಾ ನೋಡಿ," ಎಂದು ಒಳಗೆ ಹೋಗುತ್ತಿದ್ದಳು.

ಕೊಳ್ಳುವವರು ವನಗೂರು ಕಡೆಯ ಕಾಫಿ ಎಸ್ಟೇಟಿನ ಕೂಲಿ ಲೈನಿನ ಹೆಂಗಸರು. ಬಟವಾಡೆಯ ದಿನ, ಅಂದರೆ ಕೂಲಿ ಕೈಗೆ ಬರುವ ದಿನ, ಅಪ್ಪ ಜೀಪಿಗೆ ಗಂಟು ಹೇರಿಕೊಂಡು ಹೋಗಿ ಎಸ್ಟೇಟ್ ಸ್ಟೋರಿನ ಜಗಲಿಯ ಮೇಲೆ ಬಿಚ್ಚುವರು. ಕಾಲೇಜಿಗೆ ರಜೆ ಇದ್ದರೆ ನಾನೂ ಹೋಗುತ್ತಿದ್ದೆ. ಸೊಂಟ ಎಂಬುದೊಂದು ಇದೆಯೆಂದು ತಿಳಿಯಬೇಕಾದರೆ ಆ ಜೀಪಿನಲ್ಲೇ ಕೂರಬೇಕು.

ವರ್ಷದಿಂದ ವರ್ಷಕ್ಕೆ ಹತ್ತಿ ತುಟ್ಟಿಯಾಯಿತು, ಪಾಲಿಯೆಸ್ಟರ್ ಅಗ್ಗವಾಯಿತು. ಆದರೂ ಅಪ್ಪ ಪಾಲಿಯೆಸ್ಟರ್ ಮುಟ್ಟಲಿಲ್ಲ. ಅವರ ಹಟಕ್ಕೆ ಕಾರಣವಿತ್ತು. ಲೈನಿನ ಮನೆಗಳಲ್ಲಿ ಸೌದೆ ಒಲೆ, ಹೆಂಗಸರೆಲ್ಲ ಅದರ ಮುಂದೆಯೇ ಕುಕ್ಕರಗಾಲಲ್ಲಿ ಕೂರುವವರು. ನಮ್ಮ ಹಳೇ ಗಿರಾಕಿಯೊಬ್ಬಳಿದ್ದಳು, ಕಳೆ ತೆಗೆಯುವ ಗುಂಪಿನಲ್ಲಿ ಎಲ್ಲರಿಗಿಂತ ಅವಳದೇ ಬಾಯಿ ಜೋರು. ಒಂದು ಜುಲೈ ತಿಂಗಳಲ್ಲಿ ಅವಳು ಗಂಟನ್ನೆಲ್ಲ ಮಗುಚಿ ಹಾಕಿ ನಕ್ಕಳು.

"ಅಣ್ಣಾ, ನಿಮ್ ಸೀರೆ ಒಣಗೋದ್ರೊಳ್ಗೆ ದೀಪಾವಳಿ ಬಂದ್ಬುಡ್ತೈತೆ. ನಂತಾವ ಇರೋದು ಎರಡು. ಹಸೀದೇ ಉಟ್ಕಂಡು ತೋಟಕ್ಕೋಗಿ ಕೆಮ್ತಾ ಕೂರ್ಲಾ?"

"ಆ ಪಾಲಿಯೆಸ್ಟರ್ ಬೆಂಕಿ ಹತ್ತಿದ್ರೆ ಮೈಗೇ ಅಂಟ್ಕತೈತೆ ಕಣವ್ವ."

"ಚಳಿಗೆ ಸಾಯ್ತಾ ಇರೋಳ್ಗೆ ಬೆಂಕಿ ಮಾತು ಹೇಳ್ತೀರಲ್ಲ," ಎಂದಳು.

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬೇಡಿಕೆಯ ಭವಿಷ್ಯ ಬರೆಯುವ ಪುಣ್ಯಾತ್ಮರಾರೂ ವನಗೂರಿನ ಮಳೆಯಲ್ಲಿ ಸೀರೆ ಒಣಹಾಕಿದವರಲ್ಲ. ಅಂದು ಒಂದು ಸೀರೆಯೂ ಹೋಗಲಿಲ್ಲ. ಮುಂದಿನ ಬಟವಾಡೆಗೆ ಅಪ್ಪ ಸೋತು, ಗಂಟಿನ ಮೇಲೆ ಒಂದಿಷ್ಟು ಪಾಲಿಯೆಸ್ಟರ್ ಸೀರೆ ಇಟ್ಟರು. ಹಸಿರು ಹೂವಿನದನ್ನು ಅವಳೇ ಮೊದಲು ಎತ್ತಿಕೊಂಡಳು.

ಗಣೇಶನ ಹಬ್ಬ ಕಳೆದ ಮೇಲೆ ಸುದ್ದಿ ಬಂತು. ಒಲೆಯಿಂದ ಅನ್ನದ ಪಾತ್ರೆ ಇಳಿಸುವಾಗ ಅವಳ ಆ ಹಸಿರು ಹೂವಿನ ಸೀರೆಯ ಸೆರಗು ಹೊತ್ತಿಕೊಂಡಿತಂತೆ. ಹಾಸನದ ಆಸ್ಪತ್ರೆಗೆ ಸೇರಿಸಿದರೂ ಹೆಚ್ಚು ದಿನ ಉಳಿಯಲಿಲ್ಲ. ಮುತ್ತೈದೆ ಸತ್ತರೆ ತವರಿನಿಂದ ಸೀರೆ ಬರಬೇಕು. ಅವಳ ತವರು ಘಟ್ಟದ ಕೆಳಗೆಲ್ಲೋ, ತರುವವರು ಯಾರೂ ಉಳಿದಿರಲಿಲ್ಲ. ಅಪ್ಪ ಅಂಗಡಿಯಲ್ಲಿದ್ದ ಒಳ್ಳೆಯ ಹತ್ತಿ ಸೀರೆಯೊಂದನ್ನು ತೆಗೆದುಕೊಂಡು ಹೋಗಿ, ತವರಿನವರ ಹಾಗೆ ನಿಂತು ಹೊದಿಸಿ ಬಂದರು. ಸ್ನಾನ ಮಾಡಿ ಬಂದವರೇ, "ಇನ್ನು ಆ ಪಾಲಿಯೆಸ್ಟರ್ ಪೀಡೆ ನಮ್ಮಂಗ್ಡಿಗೆ ಬರಕೂಡ್ದು," ಎಂದರು. ಅವರ ಮುಖ ನೋಡಿ ನನಗೆ ಸಂಕಟವಾಯಿತು. ಹಸಿಯದು ಒಣಗುವವರೆಗೆ ಉಡಲು ಇನ್ನೊಂದು ಹತ್ತಿ ಸೀರೆ ಬಡವರ ಕೈಗೆಟುಕದಂತೆ ಮಾಡಿದವರ ಮೇಲೆ ಸಿಟ್ಟೂ ಬಂತು.

ಮುಂದಿನ ಬಟವಾಡೆಗೆ ಗಂಟಿನಲ್ಲಿದ್ದದ್ದು ಬರೀ ಹತ್ತಿ. ಸತ್ತವಳ ಮಗಳು ತಾಯಿಯ ಜಾಗದಲ್ಲಿ ಕೆಲಸಕ್ಕೆ ಸೇರಿದ್ದಳು. ಬಂದು ಕೂತು, ಒಂದೊಂದೇ ಸೀರೆಯ ಅಂಚನ್ನು ಬೆರಳಲ್ಲಿ ಹೊಸಕಿ ನೋಡಿ ಕೆಳಗಿಟ್ಟಳು. ಹೊರಗೆ ಮಳೆ ಬಿಟ್ಟಿರಲಿಲ್ಲ.

"ಬೇಗ ಒಣಗೋದು ತಂದಿಲ್ವಾ ಅಣ್ಣಾ?"

"ಅವ್ವನ್ನ ನೋಡಿದ್ಮೇಲೂ ಅದನ್ನೇ ಕೇಳ್ತೀಯಲ್ಲವ್ವ," ಎಂದರು ಅಪ್ಪ.

"ಬೆಂಕಿ ಯಾವತ್ತೋ ಹತ್ಕತೈತೆ. ಮಳೆ ದಿನಾ ಹುಯ್ತೈತೆ."

ಅಪ್ಪ ಗಂಟು ಕಟ್ಟುತ್ತಾ, ಅವಳ ಮುಖ ನೋಡದೆ, ಯಾವ ಬಣ್ಣದ್ದು ತರಲಿ ಎಂದು ಕೇಳಿದರು.