ಎರಡು ಸಲ ಹೊಡೆದ ನಂಬರು

ಸವಳಂಗ ರಸ್ತೆಯ ತನ್ನ ಗ್ಯಾರೇಜಿನಲ್ಲಿ ಅಕ್ಕನ ಮಗ ನನ್ನನ್ನು ಗೆಳೆಯರಿಗೆ ಪರಿಚಯಿಸಿದ್ದು ಹೀಗೆ: "ಇವರು ಭದ್ರಾವತೀಲಿ ಲೋಡರ್ ರಿಪೇರಿ ಮಾಡ್ತಿದ್ರು." ಮಾವ ಎನ್ನಲಿಲ್ಲ. ಅಲ್ಲಿದ್ದವರು ನಾಲ್ವರು, ನಕ್ಕವರು ಮೂವರು. ಅವರಿಗೆ ಚಹ ಗಾಜಿನ ಲೋಟದಲ್ಲಿ ಬಂತು, ನನಗೆ ಪ್ಲಾಸ್ಟಿಕ್ ಕಪ್ಪಿನಲ್ಲಿ.

ಜನ್ನಾಪುರದ ಮನೆಯಲ್ಲಿದ್ದ ನನ್ನನ್ನು ಫೋನ್ ಮಾಡಿ ಕರೆಸಿದವನು ಅವನೇ. ಹಳೆಯ ಆಟೋಮ್ಯಾಟಿಕ್ ಕಾರೊಂದನ್ನು ಡ್ರ್ಯಾಗ್ ರೇಸಿಗೆ, ಅಂದರೆ ನೇರ ದಾರಿಯಲ್ಲಿ ಕೆಲವೇ ಸೆಕೆಂಡು ಓಡಿ ಮುಗಿಸುವ ಪಂದ್ಯಕ್ಕೆ, ಸಿದ್ಧಪಡಿಸುತ್ತಿದ್ದ. ಅಂಥ ಕಾರಿನಲ್ಲಿ ಎಂಜಿನ್ನಿನ ಬಲವನ್ನು ಗೇರಿಗೆ ದಾಟಿಸುವುದು ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರ್. ಅದನ್ನು ಲೇತಿನಲ್ಲಿ ಕುಯ್ದು ತೆರೆದು, ಒಳಗಿನ ಭಾಗಗಳನ್ನು ಆರಿಸಿ ಕಟ್ಟಬಲ್ಲವರು ಅವನಿಗೆ ಬೇರೆ ಸಿಕ್ಕಿರಲಿಲ್ಲ. ಕಾರ್ಖಾನೆಯಲ್ಲಿ ಅದಿರು ತುಂಬುವ ಲೋಡರ್‌ಗಳಿಗೆ ಇಪ್ಪತ್ತೇಳು ವರ್ಷ ನಾನು ಮಾಡಿದ್ದು ಅದೊಂದೇ ಕೆಲಸ.

ಕಾರ್ಖಾನೆಯ ನಮ್ಮ ರಿಪೇರಿ ಶಾಪಿನಲ್ಲಿ ಒಂದು ಕ್ರಮವಿತ್ತು. ಕಟ್ಟಿ ಮುಗಿಸಿದ ಯೂನಿಟ್ಟಿನ ಕವಚದ ಮೇಲೆ ಫಿಟ್ಟರು ತನ್ನ ನಂಬರನ್ನು ಅಂಕಿ ಕೆತ್ತಿದ ಉಕ್ಕಿನ ಪಂಚಿನಿಂದ ಹೊಡೆಯಬೇಕು. ಅವನದೇ ತಪ್ಪಿನಿಂದ ಅದು ಮರಳಿ ಬಂದರೆ, ಸರಿಪಡಿಸಿ, ಅದೇ ನಂಬರನ್ನು ಪಕ್ಕದಲ್ಲಿ ಮತ್ತೊಮ್ಮೆ ಹೊಡೆಯಬೇಕು. ಜೋಡಿ ನಂಬರು ಕಂಡವರು ಏನೂ ಅನ್ನುತ್ತಿರಲಿಲ್ಲ. ನೋಡಿ ಮುಂದೆ ಹೋಗುತ್ತಿದ್ದರು. ನನ್ನ ನಂಬರು ಎಲ್ಲಿಯೂ ಜೋಡಿಯಾಗಿರಲಿಲ್ಲ. ಇಳಿವಯಸ್ಸಿಗೆ ನಾನು ಉಳಿಸಿಕೊಂಡು ಬಂದದ್ದು ಅಷ್ಟೇ.

ಪ್ಲಾಸ್ಟಿಕ್ ವಾಷರನ್ನು ತೆಗೆಸಿ ರೋಲರ್ ಬೇರಿಂಗ್ ಹಾಕಿದೆ. ಎಣ್ಣೆ ತಳ್ಳುವ, ಸಡಿಲವಾಗಿದ್ದ ರೆಕ್ಕೆಗಳಿಗೆ ಬೆಸುಗೆ ಹಾಕಿಸಿದೆ. ಜಗಳ ಹುಟ್ಟಿದ್ದು ಸ್ಟೇಟರಿನ ಆಯ್ಕೆಯಲ್ಲಿ. ಮರಳುವ ಎಣ್ಣೆಯ ದಿಕ್ಕನ್ನು ತಿರುಗಿಸುವ ನಡುವಿನ ಚಕ್ರ ಅದು. ನಮ್ಮಲ್ಲಿ ಎರಡಿದ್ದವು: ಒಂದು ಎಂಜಿನ್ ನಿಧಾನವಾಗಿರುವಾಗಲೇ ಬಲವನ್ನು ಹಿಡಿಯುತ್ತಿತ್ತು, ಇನ್ನೊಂದು ಎಂಜಿನ್ನಿಗೆ ವೇಗವೇರಲು ಬಿಟ್ಟು ಆಮೇಲೆ ಹಿಡಿಯುತ್ತಿತ್ತು. ನಾನು ಮೊದಲನೆಯದನ್ನು ಎತ್ತಿಕೊಂಡೆ.

"ಮಾವ, ನಾನೇನು ಅದಿರು ತುಂಬಕ್ಕೆ ಹೋಗ್ತಿದೀನಾ?"

"ಹಿಡೀದೆ ಜಾರಿದ್ರೆ ಎಣ್ಣೆ ಕಾಯುತ್ತೆ, ಕಾದ್ರೆ ಕೆಡುತ್ತೆ."

"ಕಾಯೋದ್ರೊಳಗೆ ಪಂದ್ಯ ಮುಗ್ದಿರುತ್ತೆ. ಹೊರಡೋ ಗೆರೆ ಮೇಲೆ ನಿಂತಾಗ್ಲೇ ಎಂಜಿನ್ ಏರ್ಬೇಕು."

"ನಂಬರ್ ನಂದು ಮಾರಾಯ. ನಿಂದು ಹೊಡೀತೀಯಾ?"

ಅವನು ಎರಡನೆಯದನ್ನು ಕಪಾಟಿನಲ್ಲಿಟ್ಟ. ಕವಚಕ್ಕೆ ಬೆಸುಗೆಯಾದ ಮೇಲೆ ನಾನು ನಂಬರು ಹೊಡೆದೆ.

ಪಂದ್ಯಕ್ಕೆ ಹತ್ತು ದಿನವಿರುವಾಗ, ಹೊಸಮನೆ ಪ್ರದೇಶದ ಆಚೆ ಇನ್ನೂ ಮನೆಗಳೇಳದ ಬಡಾವಣೆಯೊಂದರ ರಸ್ತೆಯಲ್ಲಿ ಕಾರನ್ನು ಪರೀಕ್ಷಿಸಿದರು. ಬ್ರೇಕು ಒತ್ತಿಹಿಡಿದು ಅವನು ಆಕ್ಸಲರೇಟರ್ ತುಳಿದ. ಎಂಜಿನ್ ಏರಲಿಲ್ಲ, ನರಳಿತು. ಬ್ರೇಕು ಬಿಟ್ಟಾಗ ಕಾರು ಕೆರೆಯಿಂದೇಳುವ ಎಮ್ಮೆಯಂತೆ ಎದ್ದಿತು. ಮೂರು ಸಲ ಓಡಿಸಿದ, ಮೂರು ಸಲವೂ ಹಾಗೆಯೇ. ಅಂದು ನಕ್ಕಿದ್ದ ಮೂವರೂ ಅಲ್ಲಿದ್ದರು. "ಲೋಡರ್ ಚೆನ್ನಾಗಿದೆ, ಬಕೆಟ್ ಒಂದು ಹಾಕ್ಸಿಬಿಡು" ಎಂದ ಒಬ್ಬ.

ಅಕ್ಕನ ಮಗ ನನ್ನತ್ತ ನೋಡಲಿಲ್ಲ. "ಎಂಜಿನ್ ಟ್ಯೂನಿಂಗ್ ಸರಿ ಆಗಿಲ್ಲ. ತಪ್ಪು ನಂದು" ಎಂದ.

ದೋಷ ಎಂಜಿನ್ನಿನಲ್ಲಲ್ಲ, ನಾನು ಆರಿಸಿದ ಸ್ಟೇಟರಿನಲ್ಲಿದೆ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವಮಾನಗಳನ್ನು ನೆನಪಿಡುವುದು ನನಗೆ ಕಷ್ಟವಲ್ಲ. ಪ್ಲಾಸ್ಟಿಕ್ ಕಪ್ಪನ್ನು ಇಂದಿಗೂ ಮರೆತಿಲ್ಲ. ಆದರೆ ಈ ಮಾತನ್ನು ಎಲ್ಲಿಡಬೇಕೆಂದು ತಿಳಿಯದೆ, ಮನೆಗೆ ಬಂದು ಊಟಕ್ಕೆ ಕುಳಿತವನು ಎದ್ದೆ, ಎದ್ದವನು ಮತ್ತೆ ಕುಳಿತೆ. "ಕಾಲಿಗೆ ಇರುವೆ ಹತ್ತಿದೆಯೇನ್ರೀ?" ಎಂದಳು ಹೆಂಡತಿ.

ಮರುದಿನ ಮೊದಲ ಬಸ್ಸಿಗೆ, ಯಾರೂ ಕರೆಯದೆ, ಪಂಚು ಸುತ್ತಿಗೆ ಹಿಡಿದು ಹೊರಟೆ. ಗ್ಯಾರೇಜಿನ ಬಾಗಿಲು ತೆಗೆಯುತ್ತಿದ್ದವನಿಗೆ, "ಕನ್ವರ್ಟರ್ ಇಳಿಸು. ನೀನು ಹೇಳಿದ ಸ್ಟೇಟರ್ ಹಾಕೋಣ" ಎಂದೆ. ಅವನು ಜ್ಯಾಕ್ ತಂದ.

ಕವಚವನ್ನು ಮತ್ತೆ ಕುಯ್ದಾಗ ನನ್ನ ಬೇರಿಂಗಿಗೆ ಒಂದು ಗೀರೂ ಬಿದ್ದಿರಲಿಲ್ಲ. ಎತ್ತಿ ತೋರಿಸಿದೆ. "ಅದು ಅಲ್ಲೇ ಇರ್ಲಿ ಮಾವ" ಎಂದ. ಸ್ಟೇಟರ್ ಬದಲಿಸಿ, ಬೆಸುಗೆ ಮಾಡಿಸಿ, ಹಳೆಯ ನಂಬರಿನ ಪಕ್ಕದಲ್ಲಿ ಪಂಚು ಇಟ್ಟೆ.

"ನಂಬರ್ ಇದೆಯಲ್ಲ, ಮತ್ಯಾಕೆ?"

"ಇರ್ಲಿ, ಬೇಕು."

ಕೊನೆಯ ಅಂಕಿ ತುಸು ಓರೆಯಾಯಿತು. ಬಸ್ಸಿನಲ್ಲಿ ಹಿಂದಿರುಗುವಾಗ, ಇಳಿದು ಹೋಗಿ ಅದನ್ನು ನೇರವಾಗಿ ಹೊಡೆದು ಬರಬೇಕೆಂದು ಎರಡು ಸಲ ಸೀಟಿನಿಂದ ಎದ್ದಿದ್ದೆ.