ಆಯಿ ಅರ್ಥ ಹೇಳಿದ ಕಾದಂಬರಿ

ಕುಷ್ಟಗಿಯ ನಮ್ಮ ಮನೆಯಲ್ಲಿ ಶ್ರಾವಣ ಬಂದರೆ ಪುರಾಣ ಹಚ್ಚುತ್ತಿದ್ದರು. ಒಬ್ಬರು ಪದ್ಯ ಓದಬೇಕು, ಇನ್ನೊಬ್ಬರು ಅದರ ಅರ್ಥ ಹೇಳಬೇಕು. ಓದುವವಳು ನಾನು, ಹದಿಮೂರು ವರ್ಷದ ಹುಡುಗಿ. ಅರ್ಥ ಹೇಳುವವಳು ಆಯಿ, ನನ್ನ ಅಪ್ಪನ ತಾಯಿ. ಆಯಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಹುಟ್ಟಿದಾಗಿನಿಂದ ಪುರಾಣ ಕೇಳಿದ ಕಿವಿ ಇತ್ತು, ಆ ಕಿವಿಯ ಬಗ್ಗೆ ಆಕೆಗೆ ತುಸು ಹೆಚ್ಚೇ ಜಂಬವಿತ್ತು.

ಆಗ ನಿಜಾಮರ ಆಳಿಕೆ. ಶಾಲೆಯಲ್ಲಿ ಉರ್ದು ನಡೆಯುತ್ತಿತ್ತು. ನನಗೆ ಕನ್ನಡ ಕಲಿಸಿದವನು ಅಪ್ಪ, ತನ್ನ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂರಿಸಿಕೊಂಡು. ಆ ವರ್ಷ ಶ್ರಾವಣ ಮುಗಿದ ಮೇಲೆ ಆತ ಬಟ್ಟೆ ತರಲು ಗದಗಿಗೆ ಹೋದವನು, ತಳಕಲ್ಲಿನಲ್ಲಿ ರೈಲು ಇಳಿದು ಬರುವಾಗ ಗಂಟಿನೊಳಗೆ ಒಂದು ಕಾದಂಬರಿಯನ್ನೂ ತಂದ. ಮೇಲಿನ ಹಾಳೆ ಹರಿದುಹೋಗಿತ್ತು, ಹೆಸರು ಇವತ್ತಿಗೂ ತಿಳಿಯದು. ಒಬ್ಬ ಹುಡುಗ ತಾನು ಬೆಳೆದು ದೊಡ್ಡವನಾದದ್ದನ್ನು 'ನಾನು, ನಾನು' ಎಂದು ಹೇಳಿಕೊಳ್ಳುವ ಪುಸ್ತಕ.

ಮಧ್ಯಾಹ್ನದ ಊಟವಾದ ಮೇಲೆ ಪಡಸಾಲೆಯಲ್ಲಿ ಓದು ಶುರುವಾಯಿತು. ಮೊದಲ ಪುಟಕ್ಕೇ ಆಯಿ ಕೈ ಎತ್ತಿ ನಿಲ್ಲಿಸಿದಳು.

"ಪುರಾಣದಾಗ ಹೇಳಾವ ಒಬ್ಬ ಇರ್ತಾನ, ಕೇಳಾವ ಒಬ್ಬ ಇರ್ತಾನ. ಈ ಹುಡುಗ ಯಾರಿಗೆ ಹೇಳಾಕತ್ಯಾನ?"

"ಬರದಿಲ್ಲ ಆಯಿ."

"ಹಂಗಾದ್ರ ನಮಗ ಹೇಳಾಕತ್ಯಾನ. ಓದ."

ಮುಂದೆ ನಾನು ಒಂದು ಪ್ಯಾರಾ ಓದುವುದು, ಆಯಿ ಅದಕ್ಕೆ ಅರ್ಥ ಹೇಳುವುದು. ತಿಳಿಗನ್ನಡದ ಕಥೆಗೆ ಅರ್ಥ ಯಾತಕ್ಕೆ ಎಂದು ನನಗೆ ಸಿಟ್ಟು ಬರುತ್ತಿತ್ತು. ಆದರೆ ಆಕೆ ಹೇಳುತ್ತಿದ್ದದ್ದು ಪದಗಳ ಅರ್ಥವಲ್ಲ. "ಇದು ಹುಡುಗನ ಮಾತಲ್ಲ, ಮೀಸಿ ಬಂದಮ್ಯಾಲಿನ ಮಾತು. ಈಗ ತಿಳದದ್ದನ್ನ ಆವಾಗ ತಿಳದಿತ್ತು ಅನ್ನಾಕತ್ಯಾನ," ಎನ್ನುವಳು. ಹುಡುಗನ ತಾಯಿ ಜಡ್ಡಿನಿಂದ ಹಾಸಿಗೆ ಹಿಡಿದಾಗ ಅವನು ಎರಡು ಪುಟ ಮಾವಿನ ಗಿಡವನ್ನೇ ವರ್ಣಿಸಿದ. ನನಗೆ ಆಕಳಿಕೆ ಬಂತು. ಆಯಿಗೆ ಬರಲಿಲ್ಲ. "ಸುತ್ತ ಹಾಕಾಕತ್ಯಾನ ಅಂದ್ರ ಮುಂದ ನೋವಿನ ಮಾತು ಐತಿ," ಎಂದಳು. ಪುಟ ತಿರುಗಿಸಿದರೆ ತಾಯಿ ತೀರಿಕೊಂಡಿದ್ದಳು. ಕಥೆ ಕೇಳುವುದನ್ನು ನಾನು ಕಲಿತದ್ದು ಅಂದು.

ಈ ಓದನ್ನು ಕೇಳುವವಳು ಇನ್ನೊಬ್ಬಳಿದ್ದಳು. ಬಾಗಿಲ ಮಗ್ಗುಲಲ್ಲಿ ಜೋಳ ಹಸನು ಮಾಡುತ್ತ ಕೂಡುತ್ತಿದ್ದ ಚಿಗವ್ವ. ಅಪ್ಪನ ತಮ್ಮನ ಹೆಂಡತಿ. ಗಂಡ ಸತ್ತು ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನನ್ನ ತಲೆ ಬಾಚಿದವಳು, ಜ್ವರ ಬಂದಾಗ ಮಗ್ಗುಲಲ್ಲಿ ಮಲಗಿದವಳು ಆಕೆಯೇ. ಆ ಮಳೆಗಾಲದಲ್ಲಿ ಮನೆಯ ದೊಡ್ಡ ಭರಣಿಯ ಉಪ್ಪಿನಕಾಯಿಗೆಲ್ಲ ಬೂಸು ಬಂದಿತ್ತು. ನಮ್ಮ ಕಡೆ ಉಪ್ಪಿನಕಾಯಿ ಕೆಟ್ಟರೆ ಹಾಕಿದವರ ಕೈಗುಣ ಎನ್ನುತ್ತಾರೆ. ಹಾಕಿದವಳು ಚಿಗವ್ವ. "ನಿನ್ನ ಕೈಗುಣಾನ ಕೆಟ್ಟೈತಿ," ಎಂದು ಆಯಿ ಓಣಿಗೆಲ್ಲ ಕೇಳುವಂತೆ ಅಂದುಬಿಟ್ಟಳು. ಅಂದಿನಿಂದ ಚಿಗವ್ವ ಉಗ್ರಾಣದ ಹೊಸ್ತಿಲು ದಾಟಲಿಲ್ಲ. ದೀಪಾವಳಿ ಆದ ಮೇಲೆ ಆಕೆಯನ್ನು ಹನುಮಸಾಗರದ ತವರಿಗೆ ಕಳಿಸಿಬಿಡುವುದೆಂದು ಮಾತಾಯಿತು. ಅಲ್ಲಿ ಆಕೆಗೆ ತಾಯಿ ಇರಲಿಲ್ಲ. ಅಣ್ಣಂದಿರ ಹೆಂಡಂದಿರು ಇದ್ದರು.

ಆ ಭರಣಿಯಲ್ಲಿ ಹಸಿ ಕೈ ಹಾಕಿದವಳು ನಾನು. ಒಂದು ದಿನವಲ್ಲ, ನಾಲ್ಕು ದಿನ. ನಾಲಿಗೆ ಚಪಲ, ಮತ್ತೇನಲ್ಲ. ಹೇಳಬೇಕೆಂದು ಬಾಯಿ ತೆರೆದಾಗೆಲ್ಲ ಆಯಿಯ ಮುಖ ಕಂಡು ಮುಚ್ಚುತ್ತಿದ್ದೆ. ಆಕೆ ಕಾದಂಬರಿಯ ಹುಡುಗನ ಕಳ್ಳತನಕ್ಕೆ ಅರ್ಥ ಹೇಳುವಾಗ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವಂತೆ ನಾನು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದೆ.

ದೀಪಾವಳಿಗೆ ಎಂಟು ದಿನ ಉಳಿದಿತ್ತು. ಅಂದು ಓದುತ್ತ ಓದುತ್ತ ನಾನು ಪುಸ್ತಕದ ಮೇಲೇ ಕಣ್ಣಿಟ್ಟು, ಅದರಲ್ಲಿ ಇಲ್ಲದ್ದನ್ನು ಓದಿದೆ. ಆ ಹುಡುಗನ ಧಾಟಿ ಅಷ್ಟರಲ್ಲಿ ನನಗೆ ಬಾಯಿಪಾಠವಾಗಿತ್ತು. ಮೊದಲು ಮೋಡ ವರ್ಣಿಸಿದೆ, ಬೇವಿನ ಗಿಡದ ಮೇಲೆ ಒಂದು ಕಾಗೆ ಕೂರಿಸಿದೆ. ಆಮೇಲೆ, "ನಾನು ಯಾರೂ ಇಲ್ಲದಾಗ ಹಾಲಿನ ಗಡಿಗೆಯಲ್ಲಿ ಹುಳಿ ಕೈ ಹಾಕಿ ಕೆನೆ ತಿಂದೆನು. ಹಾಲು ಒಡೆಯಿತು. ಮನೆಯವರು ಅತ್ತಿಗೆಯನ್ನು ಬೈದರು. ನಾನು ನೋಡುತ್ತ ನಿಂತೆನು," ಎಂದು ಓದಿ ನಿಲ್ಲಿಸಿದೆ.

ಆಯಿ ಅರ್ಥ ಹೇಳಲಿಲ್ಲ. ಬಾಗಿಲ ಬಳಿ ಮೊರದ ಸದ್ದೂ ನಿಂತಿತು.

"ಇದು ಆ ಹುಡುಗ ಹೇಳಿದ್ದಲ್ಲ," ಎಂದಳು ಆಯಿ.

"ಬರದೈತಿ ಆಯಿ..."

"ಆಂವ ತಪ್ಪು ಮಾಡಿದಾಗೆಲ್ಲ 'ಸಣ್ಣವನಿದ್ದೆ, ನನಗೇನು ತಿಳೀತಿತ್ತು' ಅಂತಾನ. ಒಮ್ಮ್ಯಾರ ಬಿಟ್ಟಾನೇನು? ಇವತ್ತ ಅನ್ನಲಿಲ್ಲ." ಆಮೇಲೆ ದನಿ ತಗ್ಗಿಸಿ, "ಅದು ಹಾಲಲ್ಲ, ಹೌದಿಲ್ಲೋ?" ಎಂದಳು.

ನಾನು ಅತ್ತುಬಿಟ್ಟೆ. ಏಟು ಬೀಳುತ್ತದೆಂದು ಕಾದೆ. ಬೀಳಲಿಲ್ಲ. ಆಯಿ ಬಾಗಿಲ ಕಡೆ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಸೊಸೆಯ ಮುಂದೆ ತಪ್ಪಾಯಿತೆನ್ನುವ ಅತ್ತೆಯನ್ನು ಆ ಕಾಲದಲ್ಲಿ ನಮ್ಮ ಓಣಿ ಕಂಡಿರಲಿಲ್ಲ. ಆಕೆ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು, ತೋಚಿದಲ್ಲಿ ತೆರೆದು, ಒಂದು ಸಾಲಿನ ಮೇಲೆ ಬೆರಳಿಟ್ಟಳು. ಪುಸ್ತಕ ತಲೆಕೆಳಗಾಗಿತ್ತು.

"ಇದರ ಮುಂದ ಹಿಂಗ ಬರದೈತಿ ನೋಡು. ನಾನು ಮುದುಕಿ. ನಾನು ಸೊಸಿಗೆ ಕೈಗುಣಾ ಕೆಟ್ಟೈತಿ ಅಂದೆ. ಆಕಿ ಕೈ ಕೆಟ್ಟಿದ್ದಿಲ್ಲ, ನನ್ನ ಬಾಯಿ ಕೆಟ್ಟಿತ್ತು. ಆಕಿ ಈ ಮನಿ ಬಿಟ್ಟು ಎಲ್ಲಿಗೂ ಹೋಗೂದಿಲ್ಲ." ಪುಸ್ತಕವನ್ನು ನನ್ನ ಕಡೆ ನೂಕಿದಳು. "ಬರದೈತಿಲ್ಲೋ?"

ವಯಸ್ಸಾಗಿತ್ತು, ತಿಳಿಯಲಿಲ್ಲ ಎಂದು ಆಯಿಯೂ ಅನ್ನಲಿಲ್ಲ.

"ಬರದೈತಿ ಆಯಿ," ಎಂದೆ.

ಚಿಗವ್ವ ಮೊರ ಕೆಳಗಿಟ್ಟು ಎದ್ದು ಬಂದು ನನ್ನ ಮಗ್ಗುಲಲ್ಲಿ ಕೂತಳು. ಅಷ್ಟು ದಿನ ಬಾಗಿಲ ಬಳಿ ಕೂತು ಕೇಳಿದವಳು ಒಂದೇ ಒಂದು ಮಾತು ಆಡಿರಲಿಲ್ಲ.

"ಅದನ್ನ ಇನ್ನೊಮ್ಮಿ ಓದವ್ವಾ," ಎಂದಳು.

ನಾನು ಓದಿದೆ.